ಆಯಿಲ್ ಬಿಲ್ಲು, ಅಜ್ಜಿಯ ಸೌದೆ ಲೆಕ್ಕ

ನಮ್ಮ ಕನ್ನಡ ಕೂಟದ ಪತ್ರಿಕೆಯ ಈ ಸಂಚಿಕೆ ಇವತ್ತು ರಾತ್ರಿಯೇ ಹೋಗಬೇಕು. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತಿದ್ದೆ. ನರಕ ಚತುರ್ದಶಿ ಬೆಳಿಗ್ಗೆ ಮಗ ಅದನ್ನು ಕೆಡಿಸಿದ. ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಶವರ್ ಕೆಳಗೆ ನಿಂತವನು ಹೊರಗೆ ಬರುವ ಲಕ್ಷಣವೇ ಇರಲಿಲ್ಲ. ಬೇಸ್‌ಮೆಂಟ್‌ನಲ್ಲಿ ಬಾಯ್ಲರ್ ಗುರ್ರೆನ್ನುತ್ತಲೇ ಇತ್ತು. ಇಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ ನಮ್ಮ ಮನೆಗೂ ಸ್ನಾನದ ನೀರಿಗೂ ಶಾಖ ಅದರದ್ದೇ, ಅದು ಸುಡುವುದು ಟ್ಯಾಂಕಿನಲ್ಲಿ ತುಂಬಿಸಿಟ್ಟ ಆಯಿಲ್. ಹೋಗಿ ಬಾಗಿಲು ಬಡಿದೆ. ಒಳಗಿಂದ ಉತ್ತರ ಬಂತು: “ಊರಲ್ಲಿ ಅಜ್ಜಿ ಮನೇಲಿ ಸ್ನಾನ ಮಾಡ್ತಿದ್ರೆ ಯಾರೂ ಹೀಗೆ ಬಾಗಿಲು ಬಡಿಯಲ್ಲ!”

ಅವನಿಗೆ ಗೊತ್ತಿರುವ ಅಜ್ಜಿ ಮನೆ ಶಿವಮೊಗ್ಗದ್ದು, ತಾರಸಿ ಮೇಲೆ ಸೋಲಾರ್. ನನಗೆ ಗೊತ್ತಿರುವುದು ತೀರ್ಥಹಳ್ಳಿ ಕಡೆಯ ನನ್ನ ಅಜ್ಜಿಯ ಬಚ್ಚಲು. ಮಸಿ ಹಿಡಿದ ಗೋಡೆ, ಮಣ್ಣಿನ ಒಲೆಯಲ್ಲಿ ಹೂತ ತಾಮ್ರದ ಹಂಡೆ. ಮಿಂದವರು ಹೊರಗೆ ಬರುವ ಮುಂಚೆ ಒಂದು ಕೊಡ ತಣ್ಣೀರು ಹಂಡೆಗೆ ಸುರಿದೇ ಬರಬೇಕು. ಮರೆತರೆ, “ಹಂಡೆ ಸುಟ್ಟು ತೂತಾದ್ರೆ ನಿಮ್ಮಪ್ಪ ತಂದು ಕೊಡ್ತಾನೇನೋ?” ಅಂತ ಒಳಗಿಂದಲೇ ಕೂಗು. ಒಳ್ಳೆ ಸೌದೆ ಬಚ್ಚಲ ಒಲೆಗೆ ಬೀಳುವ ಹಾಗೇ ಇಲ್ಲ. ಅದು ಅಡಿಗೆಮನೆಗೆ. ಬಚ್ಚಲಿಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಯಾವುದೋ ಗಂಟು ಬಿದ್ದ ಕುಂಟೆ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಿಗ್ಗೆ ಮೊದಲ ಸ್ನಾನಕ್ಕೆ ನೀರು ಉಗುರು ಬೆಚ್ಚಗೆ ಇರುತ್ತಿತ್ತು. ಆ ನೀರು ಅಜ್ಜನಿಗೆ.

ಬೇಸಿಗೆಯಲ್ಲೇ ಸೌದೆ ಒಡೆಸಿ, ಒಣಗಿಸಿ, ಮೃಗಶಿರ ಮಳೆ ಹಿಡಿಯುವ ಮುಂಚೆ ಕೊಟ್ಟಿಗೆ ತುಂಬಬೇಕು. ಅಜ್ಜಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಕೊಟ್ಟಿಗೆಯ ಕಂಬಗಳೇ ಆಕೆಯ ಲೆಕ್ಕದ ಪುಸ್ತಕ. ಚೌತಿ ಹೊತ್ತಿಗೆ ರಾಶಿ ಈ ಕಂಬಕ್ಕೆ ಬರಬೇಕು, ದೀಪಾವಳಿಗೆ ಆ ಕಂಬಕ್ಕೆ. ಮಳೆ ಜಾಸ್ತಿಯಾಗಿ ರಾಶಿ ಬೇಗ ಇಳಿದರೆ ಅವತ್ತಿನಿಂದಲೇ ಎಲ್ಲರ ಸ್ನಾನಕ್ಕೆ ಕತ್ತರಿ. ಚಿಕ್ಕಪ್ಪ ಬೆಂಗಳೂರಿಂದ ಬಂದಿದ್ದಾನೆ ಅನ್ನೋ ರಿಯಾಯಿತಿಯೂ ಇಲ್ಲ. ಎಷ್ಟು ಚಳಿಗೆ ಎಷ್ಟು ಸೌದೆ ಅನ್ನೋದು ಆಕೆಗೆ ಬಾಯಿಪಾಠ. ನಮ್ಮಲ್ಲಿ ಎಷ್ಟು ಜನಕ್ಕೆ ನಮ್ಮ ಮನೆಗೆ ಎಷ್ಟು ಚಳಿಗೆ ಎಷ್ಟು ಗ್ಯಾಲನ್ (ಒಂದಕ್ಕೆ ಸುಮಾರು 3.8 ಲೀಟರ್) ಆಯಿಲ್ ಅಂತ ಗೊತ್ತಿದೆ? ಬಿಲ್ ಬಂದಾಗ ಬೈಯುವುದು ಮಾತ್ರ ಎಲ್ಲರಿಗೂ ಗೊತ್ತು.

ಬೆಲೆಯ ಮಾತು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ನಮ್ಮ ಕೈಲಿಲ್ಲ. ಟ್ಯಾಂಕಿಗೆ ಬರುವ ಆಯಿಲ್ ಹೆಚ್ಚುಕಡಿಮೆ ಡೀಸೆಲ್ಲೇ, ಕೆಂಪು ಬಣ್ಣ ಹಾಕಿರುತ್ತಾರೆ ಅಷ್ಟೇ. ಡೀಸೆಲ್ ಏರಿದರೆ ಇದೂ ಏರುತ್ತದೆ. ಒಂದು ಬ್ಯಾರೆಲ್ ಅಂದರೆ 42 ಗ್ಯಾಲನ್, ಹಾಗಾಗಿ ಕಚ್ಚಾತೈಲ ಬ್ಯಾರೆಲ್‌ಗೆ 10 ಡಾಲರ್ ಏರಿದರೆ ನಮಗೆ ಗ್ಯಾಲನ್‌ಗೆ ಸುಮಾರು 24 ಸೆಂಟ್. ದಕ್ಷಿಣದಿಂದ ಬರುವ ದೊಡ್ಡ ಪೈಪ್‌ಲೈನ್ ನ್ಯೂಯಾರ್ಕ್ ಬಂದರಿನ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದಾಚೆ ನ್ಯೂ ಇಂಗ್ಲೆಂಡ್‌ಗೆ ಹಡಗು, ಬಾರ್ಜುಗಳೇ ಗತಿ. ಚಳಿ ಬಿರುಗಾಳಿ ಎರಡೂ ಒಟ್ಟಿಗೆ ಬಂದರೆ ಬೆಲೆ ದಿಢೀರ್ ಅಂತ ಹಾರುತ್ತದೆ. 2000ದ ಚಳಿಗಾಲದಲ್ಲಿ ಹಾರಿದ ಮೇಲೆಯೇ ಸರ್ಕಾರ ಈ ಭಾಗಕ್ಕೆಂದು ತುರ್ತು ಆಯಿಲ್ ದಾಸ್ತಾನು ಶುರು ಮಾಡಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಗ್ಯಾಲನ್ 5 ಡಾಲರ್ ದಾಟಿದ್ದು ನೆನಪಿರಬೇಕಲ್ಲ. ಅದಾದ ಮೇಲೆ ಬಂದ ನಮ್ಮ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಎಳ್ಳುಬೆಲ್ಲಕ್ಕಿಂತ ಆಯಿಲ್ ಮಾತೇ ಜಾಸ್ತಿ ಹಂಚಿಕೆಯಾಯಿತು.

ಗ್ಯಾಲನ್ ಎಷ್ಟು ಸುಡುತ್ತದೆ ಅನ್ನೋದು ಮಾತ್ರ ನಮ್ಮ ಕೈಲಿದೆ. ಆಯಿಲ್‌ನವರು ಅಜ್ಜಿಯ ಕಂಬದ ಲೆಕ್ಕವನ್ನೇ ‘ಡಿಗ್ರಿ ಡೇ’ ಅಂತ ಮಾಡುತ್ತಾರೆ. ಹೊರಗೆ 65 ಡಿಗ್ರಿ ಇದ್ದರೆ ಮನೆಗೆ ಶಾಖ ಬೇಡ ಅನ್ನೋ ಲೆಕ್ಕ; ದಿನದ ಸರಾಸರಿ ಹೊರಗಿನ ತಾಪವನ್ನು ಆ 65ರಿಂದ ಕಳೆಯಿರಿ. ಸರಾಸರಿ 25 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಅವತ್ತಿಗೆ 40 ಡಿಗ್ರಿ ಡೇ. ಎರಡು ಡೆಲಿವರಿಗಳ ನಡುವೆ ಇಂಥವು ಒಟ್ಟು 900 ಆಗಿ, ಎರಡನೇ ಸಲ ಟ್ಯಾಂಕ್ ತುಂಬಲು 150 ಗ್ಯಾಲನ್ ಹಿಡಿಸಿತು ಅಂದುಕೊಳ್ಳಿ. 900ನ್ನು 150ರಿಂದ ಭಾಗಿಸಿದರೆ 6. ಅಂದರೆ ನಿಮ್ಮ ಮನೆ 6 ಡಿಗ್ರಿ ಡೇಗೆ ಒಂದು ಗ್ಯಾಲನ್ ಸುಡುತ್ತದೆ. 25 ಡಿಗ್ರಿಯ ದಿನ ಆರೂಮುಕ್ಕಾಲು ಗ್ಯಾಲನ್ ಹತ್ತಿರ. ಗ್ಯಾಲನ್‌ಗೆ ಮೂರೂವರೆ ಡಾಲರ್ ಇಟ್ಟುಕೊಂಡರೂ ದಿನಕ್ಕೆ 23 ಡಾಲರ್. ಈ 6 ಮೇಲೆ ಹೋದಷ್ಟೂ ಒಳ್ಳೆಯದು. ಹೋದ ವರ್ಷಕ್ಕಿಂತ ಇಳಿದಿದ್ದರೆ ಆಯಿಲ್ ಉರಿಸುವ ಬರ್ನರ್‌ನಲ್ಲಿ ಮಸಿ ಕಟ್ಟಿರಬಹುದು, ಎಲ್ಲೋ ಗಾಳಿ ಸೋರುತ್ತಿರಬಹುದು. ವರ್ಷಕ್ಕೊಮ್ಮೆ ನಾಜಲ್, ಫಿಲ್ಟರ್ ಬದಲಾಯಿಸಿ ಟ್ಯೂನ್‌ಅಪ್ ಮಾಡಿಸುವ ದುಡ್ಡನ್ನು ಉಳಿಸಲು ಹೋಗಬೇಡಿ.

ಕೊಳ್ಳುವುದರಲ್ಲಿ ಎರಡು ದಾರಿ. ಆಟೋಮ್ಯಾಟಿಕ್ ಡೆಲಿವರಿಯವರು ಅವರೇ ಲೆಕ್ಕ ಹಾಕಿ ಬಂದು ತುಂಬುತ್ತಾರೆ, ಬಾಯ್ಲರ್ ಕೆಟ್ಟರೆ ಮಧ್ಯರಾತ್ರಿಯೂ ಬರುತ್ತಾರೆ. ಅದಕ್ಕೆ ತಕ್ಕ ಬೆಲೆ. ನಾವೇ ಫೋನ್ ಮಾಡಿ ತರಿಸಿಕೊಂಡರೆ ಸಾಮಾನ್ಯವಾಗಿ ಅಗ್ಗ, ಆದರೆ ಗೇಜ್ ಮೇಲೆ ಕಣ್ಣಿರಬೇಕು. 275 ಗ್ಯಾಲನ್ ಟ್ಯಾಂಕ್‌ನಲ್ಲಿ ಗೇಜ್ ಕಾಲು ಭಾಗಕ್ಕೆ ಬಂದರೆ ಗಟ್ಟಿ ಚಳಿಯಲ್ಲಿ ಹತ್ತು ದಿನಕ್ಕಷ್ಟೇ ಸಾಕು. ನಮ್ಮ ಕೂಟದ ಒಂದು ಕುಟುಂಬಕ್ಕೆ ಲಾಂಗ್ ವೀಕೆಂಡ್‌ನ ಭಾನುವಾರ ರಾತ್ರಿ ಖಾಲಿಯಾಯಿತು. ಲಾರಿ ಬರುವುದು ಮಂಗಳವಾರ. ಹಳದಿ ಕ್ಯಾನ್‌ನಲ್ಲಿ ಬಂಕ್‌ನಿಂದ ಡೀಸೆಲ್ ತಂದು ಸುರಿದರು. ಅದು ನಡೆಯುತ್ತದೆ, ಪೆಟ್ರೋಲ್ ಮಾತ್ರ ಅಪ್ಪಿತಪ್ಪಿಯೂ ಹಾಕಬಾರದು. ಆದರೂ ಪೈಪ್‌ನಲ್ಲಿ ಗಾಳಿ ಸೇರಿ ಬರ್ನರ್ ಹತ್ತಲಿಲ್ಲ. ಅಗ್ಗದ ಆಯಿಲ್‌ನವರು “ನಾವು ಬರೀ ಡೆಲಿವರಿ” ಅಂದರು. ಕೊನೆಗೆ ಬಂದ ಮೆಕ್ಯಾನಿಕ್ ತೆಗೆದುಕೊಂಡ ದುಡ್ಡಿನಲ್ಲಿ ಇಡೀ ಸೀಸನ್ನಿನ ಉಳಿತಾಯ ಹೋಯಿತು.

ಬೇಸಿಗೆಯಲ್ಲೇ ಬೆಲೆ ಕಟ್ಟುವ ಯೋಜನೆಗಳನ್ನು ಸಹಿ ಹಾಕುವ ಮುಂಚೆ ಓದಿ. ಫಿಕ್ಸ್ಡ್ ಅಂದರೆ ಪೇಟೆ ಇಳಿದರೂ ನಿಮಗೆ ಅದೇ ಬೆಲೆ. ಕ್ಯಾಪ್ ಅಂದರೆ ಮೇಲೆ ಹೋಗಲ್ಲ, ಇಳಿದರೆ ಇಳಿಯುತ್ತದೆ, ಅದಕ್ಕೊಂದು ಶುಲ್ಕ. ಬಜೆಟ್ ಪ್ಲಾನ್ ಬರೀ ಕಂತು, ಅದರಲ್ಲಿ ಉಳಿತಾಯ ಏನಿಲ್ಲ. ಪೂರ್ತಿ ದುಡ್ಡು ಮುಂಗಡ ಕೊಡುವುದಾದರೆ, ಕಂಪನಿ ಮುಳುಗಿದರೆ ನಮ್ಮ ಗತಿ ಏನು ಅಂತ ಕೇಳಿಯೇ ಕೊಡಿ.

ನನ್ನ ಮಟ್ಟಿಗೆ ಅತಿ ದೊಡ್ಡ ಉಳಿತಾಯ ಛಾವಣಿ ಕೆಳಗಿನ ಅಟ್ಟ, ಅಂದರೆ ಆಟಿಕ್‌ನಲ್ಲಿದೆ. ಬಿಸಿ ಗಾಳಿ ಮೇಲಿನಿಂದ ಸೋರುತ್ತದೆ, ಬೇಸ್‌ಮೆಂಟ್‌ನ ಸಂದಿಗಳಿಂದ ತಣ್ಣಗಿನದನ್ನು ಒಳಗೆ ಎಳೆಯುತ್ತದೆ. ಗಾಳಿ ಬೀಸುವ ದಿನ ಊದಿನಕಡ್ಡಿ ಹಚ್ಚಿ ಬೇಸ್‌ಮೆಂಟ್‌ಗೆ ಇಳಿಯಿರಿ. ಕಾಂಕ್ರೀಟ್ ಗೋಡೆ ಮುಗಿದು ಮರ ಶುರುವಾಗುವ ಕಡೆ ನಿಧಾನಕ್ಕೆ ಹಿಡಿದುಕೊಂಡು ಹೋಗಿ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಅಡ್ಡ ಮಲಗಿತೋ ಅಲ್ಲಿ ದುಡ್ಡು ಹೋಗುತ್ತಿದೆ. ಮ್ಯಾಸಚೂಸೆಟ್ಸ್‌ನಲ್ಲಿರುವವರು ಮಾಸ್ ಸೇವ್‌ನವರನ್ನು (ಕರೆಂಟ್, ಗ್ಯಾಸ್ ಕಂಪನಿಗಳ ಇಂಧನ ಉಳಿತಾಯ ಯೋಜನೆ) ಕರೆಸಿ. ಮನೆ ತಪಾಸಣೆ ಪುಕ್ಕಟೆ, ಶಾಖ ಸೋರದಂತೆ ಗೋಡೆ ಅಟ್ಟಗಳಿಗೆ ತುಂಬುವ ಇನ್ಸುಲೇಶನ್‌ಗೆ ದೊಡ್ಡ ರಿಯಾಯಿತಿ ಇದೆ. ಆಯಿಲ್ ಮನೆಗಳಿಗೂ ಸಿಗುತ್ತದೆ, ನಿಮ್ಮ ಕರೆಂಟ್ ಬಿಲ್‌ನಲ್ಲಿ ಅದರ ದುಡ್ಡು ಆಗಲೇ ಕಟ್ಟುತ್ತಿದ್ದೀರಿ. ಊರಿನದೇ ಮುನಿಸಿಪಲ್ ಕರೆಂಟ್ ಇರುವವರು ಮಾತ್ರ ಅಲ್ಲಿಯೇ ವಿಚಾರಿಸಬೇಕು. ಥರ್ಮೋಸ್ಟಾಟನ್ನು ದಿನಕ್ಕೆ 8 ಗಂಟೆ 7ರಿಂದ 10 ಡಿಗ್ರಿ ಇಳಿಸಿದರೆ ವರ್ಷದ ಖರ್ಚಿನಲ್ಲಿ ನೂರಕ್ಕೆ 10ರವರೆಗೆ ಉಳಿಯುತ್ತದೆ ಅಂತ ಇಂಧನ ಇಲಾಖೆಯೇ ಹೇಳುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಈ ಸಾಲನ್ನು ಓದಿಯೇ ಇಲ್ಲ ಅಂದುಕೊಳ್ಳಿ. ಮನೆಯೊಳಗೆ ಮಂಕಿ ಕ್ಯಾಪ್ ಹಾಕಿಕೊಂಡು ಕೂತವರ ಮುಂದೆ ಡಿಗ್ರಿ ಡೇ ಮಾತಾಡಬಾರದು.

ಹೊರಗಿನ ಗಾಳಿಯ ಶಾಖವನ್ನು ಕರೆಂಟ್‌ನಿಂದ ಒಳಗೆ ತರುವ ಹೀಟ್ ಪಂಪ್ ಬಗ್ಗೆ ಬಹಳ ಜನ ಕೇಳುತ್ತೀರಿ. ಒಂದು ಗ್ಯಾಲನ್ ಆಯಿಲ್ ಕೊಡುವ ಶಾಖಕ್ಕೆ ಒಳ್ಳೆಯ ಪಂಪ್‌ಗೂ ಸುಮಾರು 12 ಯೂನಿಟ್ ಕರೆಂಟ್ ಬೇಕು. ನಿಮ್ಮ ಯೂನಿಟ್ ಬೆಲೆಯಿಂದ ಗುಣಿಸಿ ಗ್ಯಾಲನ್ ಬೆಲೆಯ ಪಕ್ಕ ಇಟ್ಟು ನೋಡಿ, ಉತ್ತರ ನಿಮ್ಮ ಬಿಲ್‌ನಲ್ಲೇ ಇದೆ. ಮೊದಲು ಇನ್ಸುಲೇಶನ್, ಆಮೇಲೆ ಪಂಪ್. ಕೆಲಸ ಹೋಗಿ ಕಷ್ಟದಲ್ಲಿರುವವರು ಲೈಹೀಪ್ (ಕಡಿಮೆ ಆದಾಯದ ಮನೆಗಳ ಇಂಧನ ಬಿಲ್‌ಗೆ ಸರ್ಕಾರ ಕೊಡುವ ಹಣ) ನೆರವಿಗೆ ಅರ್ಜಿ ಹಾಕಬಹುದಾ ವಿಚಾರಿಸಿ. ಶಾಖದ ಬಿಲ್ ತಾವೇ ಕಟ್ಟುವ ಬಾಡಿಗೆದಾರರಿಗೂ ಅದು ಇದೆ. ವೀಸಾದ ಷರತ್ತುಗಳಿವೆ, ಕೇಳಿಕೊಂಡು ಹಾಕಿ. ನಾಚಿಕೆ ಬೇಡ.

ಅಯ್ಯೋ, ಜಾಗ ಮುಗಿಯಿತು. ರಾಜ್ಯೋತ್ಸವ: ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ 3ಕ್ಕೆ, ಎಂದಿನ ಹೈಸ್ಕೂಲ್ ಸಭಾಂಗಣ. ನಾಡಗೀತೆಗೆ ಮಕ್ಕಳು 2:30ಕ್ಕೇ ಬರಬೇಕು. ಊಟಕ್ಕೆ ಬಿಸಿಬೇಳೆಬಾತ್, ತಟ್ಟೆ ಲೋಟ ಮನೆಯಿಂದ ತನ್ನಿ. ಭಾನುವಾರದ ಕನ್ನಡ ತರಗತಿ ಥ್ಯಾಂಕ್ಸ್‌ಗಿವಿಂಗ್ ವಾರ ಇಲ್ಲ. ಹಳೇ ಚಳಿ ಕೋಟುಗಳ ಪೆಟ್ಟಿಗೆ ಬಾಗಿಲ ಹತ್ತಿರ ಇರುತ್ತದೆ. ಸದಸ್ಯತ್ವ ನವೀಕರಿಸದವರು, ನಿಮಗೇ ಗೊತ್ತು.

ಇನ್ನೆರಡು ಮಾತು. ಒಂದೇ ಊರಿನ ಹತ್ತು ಹದಿನೈದು ಮನೆ ಸೇರಿ ಕೇಳಿದರೆ ಆಯಿಲ್‌ನವರು ಬೆಲೆ ಇಳಿಸುವ ಸಂಭವ ಇದೆ. ನಿಮ್ಮ ಹೋದ ಚಳಿಗಾಲದ ಡೆಲಿವರಿ ಚೀಟಿಗಳ ಫೋಟೋ, ಹೆಸರು ವಿಳಾಸ ಮುಚ್ಚಿ, ರಾಜ್ಯೋತ್ಸವಕ್ಕೆ ಮುಂಚೆ ಕಳಿಸಿ. ನಾನು ಒಂದು ಪಟ್ಟಿ ಮಾಡುತ್ತೇನೆ. ಫೋನ್ ಹಚ್ಚಿ ಚೌಕಾಸಿ ಮಾಡುವವರು ಬೇರೆ ಯಾರಾದರೂ ಬೇಕು, ನನಗೆ ಅದು ಬರಲ್ಲ. ಮತ್ತೆ, ಈ ಪತ್ರಿಕೆಗೆ ಪುಟ ಜೋಡಿಸುವವರು ಒಬ್ಬರು ತುರ್ತಾಗಿ ಬೇಕು. ಸಂಕ್ರಾಂತಿ ಸಂಚಿಕೆಯನ್ನೂ ನಾನೊಬ್ಬನೇ ಮಾಡಲು ಆಗಲ್ಲ, ತಮಾಷೆಗೆ ಹೇಳುತ್ತಿಲ್ಲ. ಕನ್ನಡ ಟೈಪಿಂಗ್ ಬಂದರೆ ಸಾಕು, ಉಳಿದದ್ದು ಒಂದು ಸಂಜೆ ಮನೆಗೆ ಬಂದರೆ ಕಾಫಿ ಕೊಟ್ಟು ಹೇಳಿಕೊಡುತ್ತೇನೆ.