ಮಾರಲು ತೆಗೆದಿಟ್ಟ ಎರಡು ಬಂದೂಕುಗಳ ಬಗ್ಗೆ, ಗೆಳೆಯ ಪೊನ್ನಪ್ಪನಿಗೆ

ಪ್ರಿಯ ಪೊನ್ನಪ್ಪ,

ಕೈಬಂದೂಕುಗಳಲ್ಲಿ ಎರಡನ್ನು ಮಾರುತ್ತೇನೆ ಎಂದಾಗ ನೀನು ಫೋನಿನಲ್ಲಿ ಕಾರಣ ಕೇಳಿದೆ. ಮಣಿಕಟ್ಟು ನೋವು ಎಂದಷ್ಟೇ ಹೇಳಿದ್ದೆ. ಅದು ನಿಜ, ಆದರೆ ಪೂರ್ತಿ ಉತ್ತರವಲ್ಲ. ಇಲ್ಲಿ ಅಮೆರಿಕದ ಫೀನಿಕ್ಸ್‌ನ ಕನ್ನಡದ ಗೆಳೆಯರೂ ಇದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲನೆಯದು .40 ಕ್ಯಾಲಿಬರಿನ, ಅಂದರೆ ಆ ಅಳತೆಯ ಗುಂಡಿನ, ಗ್ಲಾಕ್ ಪಿಸ್ತೂಲು. 1986ರ ಏಪ್ರಿಲಿನಲ್ಲಿ ಮಿಯಾಮಿಯ ಗುಂಡಿನ ಕಾಳಗದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಇಬ್ಬರು ಏಜೆಂಟರನ್ನು ಕಳೆದುಕೊಂಡಿತು. ಇದಕ್ಕಿಂತ ಸಣ್ಣದಾದ 9 ಎಂಎಂ ತೋಟಾ ಸಾಲದು ಎಂಬ ಮಾತು ಆಗ ಬಲವಾಯಿತು, ಅದರ ಫಲವಾಗಿ 1990ರಲ್ಲಿ ಈ .40 ತೋಟಾ ಬಂತು. ಹಾರಿಸಿದಾಗ ಹಿಂದಕ್ಕೆ ಬರುವ ಇದರ ಒದೆಗೆ ನಳಿಗೆ ಮೇಲಕ್ಕೆ ಚಿಮ್ಮುತ್ತದೆ, ಮತ್ತೆ ಗುರಿ ಕೂಡಿಸುವಷ್ಟರಲ್ಲಿ ಹೊತ್ತು ಹೋಗುತ್ತದೆ. 9 ಎಂಎಂ ಗುಂಡುಗಳು ಸುಧಾರಿಸಿದ ಮೇಲೆ, ಹೆಚ್ಚಿನವರು ಅದರಲ್ಲೇ ಬೇಗ ಮತ್ತು ನಿಖರವಾಗಿ ಹೊಡೆಯುತ್ತಾರೆಂದು ಎಫ್‌ಬಿಐಯೇ ಅದಕ್ಕೆ ಮರಳಿತು. ಇದನ್ನು ಕೊಡುವುದಕ್ಕೆ ನನಗೆ ಯಾವ ಸಂಕಟವೂ ಇಲ್ಲ.

ಎರಡನೆಯದು ಸ್ಮಿತ್ ಆ್ಯಂಡ್ ವೆಸ್ಸನ್‌ನ 340ಪಿಡಿ, ಐದು ಗುಂಡಿನ ರಿವಾಲ್ವರ್. ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಂ ಚೌಕಟ್ಟು, ತೋಟಾ ತುಂಬಿ ತಿರುಗುವ ಟೈಟಾನಿಯಂ ಸಿಲಿಂಡರ್, ಎರಡು ಇಂಚಿಗೂ ಗಿಡ್ಡ ನಳಿಗೆ. ಖಾಲಿಯಿದ್ದಾಗ 350 ಗ್ರಾಂಗೂ ಕಡಿಮೆ ತೂಕ. ಜೇಬಿನಲ್ಲಿದ್ದರೆ ಇದೆಯೆಂದೇ ತಿಳಿಯದು. ಆದರೆ ಅದರಲ್ಲಿ .357 ಮ್ಯಾಗ್ನಂ ತೋಟಾ ಹಾರಿಸಿದಾಗ ತೆರೆದ ಅಂಗೈಗೆ ಬೆತ್ತದ ಪೆಟ್ಟು ಬಿದ್ದಂತಾಗುತ್ತದೆ, ಏಕೆಂದರೆ ತೋಟಾ ಅದೇ ಇದ್ದು ಬಂದೂಕು ಹಗುರವಾದಷ್ಟೂ ಒದೆ ಹೆಚ್ಚು. ಆ ಒದೆಗೆ ಇನ್ನೂ ಹಾರದ ತೋಟಾಗಳ ಗುಂಡುಗಳೂ ತೋಟಾದ ಲೋಹದ ಕೋಶದಿಂದ ಮುಂದಕ್ಕೆ ಸರಿದು, ಸಿಲಿಂಡರ್ ತಿರುಗದಂತೆ ಅಡ್ಡ ನಿಲ್ಲುವುದುಂಟು. ಕೆಲವು ಸುತ್ತು ಹೊಡೆದರೆ ಸಾಕು, ಪೆಟ್ಟು ಬರುವುದನ್ನು ಮೈ ಕಲಿತುಬಿಡುತ್ತದೆ: ಟ್ರಿಗರ್ ಪೂರ್ತಿ ಒತ್ತುವ ಮೊದಲೇ ಮಣಿಕಟ್ಟು ಬಾಗುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಇಷ್ಟು ವರ್ಷ ಹೊಡೆದ ಕೈಯೂ ಇದಕ್ಕೆ ಹೊರತಲ್ಲ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ, ಆದರೆ ನಿನಗೆ ಬರೆಯುವಾಗ ಅರ್ಧ ಹೇಳಿ ಬಿಡುವುದು ನನ್ನಿಂದಾಗದು. 2017ರ ಫೆಬ್ರವರಿಯಲ್ಲಿ ಕನ್ಸಾಸ್‌ನ ಒಲೇಥಾದ ಬಾರಿನಲ್ಲಿ, ನನ್ನ ದೇಶ ಬಿಟ್ಟು ತೊಲಗಿ ಎಂದು ಕೂಗಿದವನೊಬ್ಬ ಇಬ್ಬರು ಭಾರತೀಯ ಇಂಜಿನಿಯರುಗಳಿಗೆ ಗುಂಡು ಹಾರಿಸಿದ; ಒಬ್ಬರು ಸತ್ತರು. ಕೆಲಸ ಮುಗಿಸಿ ಕುಳಿತಿದ್ದ, ನನ್ನಂಥದ್ದೇ ಬದುಕಿನ ಜನ ಅವರು. ಅದಾದ ಸ್ವಲ್ಪ ದಿನಕ್ಕೇ ನಾನು ಈ ರಿವಾಲ್ವರ್ ಕೊಂಡೆ. ಅದುವರೆಗೆ ನಾನು ಕೊಂಡದ್ದೆಲ್ಲ ಕಾಗದದ ಗುರಿಗಾಗಿ. ಇದೊಂದು ಮಾತ್ರ ಮನುಷ್ಯನಿಗಾಗಿ. ಅರಿಜೋನಾದಲ್ಲಿ ಜೇಬಿನಲ್ಲಿಟ್ಟು ತಿರುಗಲು ಪರವಾನಗಿಯೂ ಬೇಡ, ಹಾಗಾಗಿ ಇಟ್ಟುಕೊಂಡು ತಿರುಗಿದೆ. ಗುರಿ ಅಭ್ಯಾಸ ಮಾಡುವ ಬೆನ್ ಏವರಿ ರೇಂಜಿನಲ್ಲಿ ಅದನ್ನು ಎತ್ತಿದಾಗಲೆಲ್ಲ ಎದುರಿಗೆ ಕಾಣುವುದು ಕಾಗದವಲ್ಲ, ಒಂದು ಮುಖ. ಮಗಳು ಪಕ್ಕದಲ್ಲಿದ್ದ ದಿನ ಆ ಮುಖ ಇನ್ನೂ ಸ್ಪಷ್ಟವಾಗಿತ್ತು. ಮಣಿಕಟ್ಟಿನ ನೋವು ತೈಲ ಹಚ್ಚಿದರೆ ಇಳಿಯುತ್ತದೆ ಪೊನ್ನಪ್ಪ, ಇದು ಇಳಿಯುತ್ತಿಲ್ಲ. ಭಯ ಹೋಯಿತೆಂದು ಮಾರುತ್ತಿಲ್ಲ. ಭಯ ಇದೆ. ಅದನ್ನು ಅಭ್ಯಾಸ ಮಾಡುತ್ತಾ ಕೂರಲಾರೆ.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ, ಸಾಕು. ರೂಗರ್‌ನ .22 ಪಿಸ್ತೂಲು, ಉಕ್ಕಿನ ಹಳೆಯ .38 ರಿವಾಲ್ವರ್ ನನ್ನಲ್ಲೇ ಉಳಿಯುತ್ತವೆ. ಬಾಗುವ ಮಣಿಕಟ್ಟನ್ನು ತಿದ್ದಲು, ಒದೆ ಅಷ್ಟಾಗಿ ಇಲ್ಲದ .22ಕ್ಕಿಂತ ಒಳ್ಳೆಯ ಮೇಷ್ಟರಿಲ್ಲ, ಒಂದು ಬೆಳಗ್ಗೆಯಿಡೀ ಅದರಲ್ಲಿ ಹೊಡೆದರೂ ಕೈ ಇನ್ನೂ ಬೇಕೆನ್ನುತ್ತದೆ. ಕೊಡಗಿನಲ್ಲಿ ಆಯುಧ ಪೂಜಿಸುವ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲೇ ಬಂದಿಳಿಯುತ್ತೇನೆ. ಕೋವಿಗೆ ಮುಡಿಸಲು ತೋಕ್ ಪೂ ಹೂವು ಹುಡುಕುವ ಕೆಲಸ ನನಗೆ ಬಿಡು, ತೆಂಗಿನಕಾಯಿಗೆ ಗುಂಡು ಹೊಡೆಯುವ ಮೊದಲ ಸರದಿ ನಿನ್ನ ಅಕ್ಕನಿಗೆ ಕೊಡು. ನಮ್ಮಿಬ್ಬರಿಗೇ ಗೊತ್ತಿರುವ ಹಲಸಿನ ಮರದ ವಿಷಯವನ್ನು ಚಿಕ್ಕಪ್ಪನವರಿಗೆ ನಾನಿನ್ನೂ ಹೇಳಿಲ್ಲ. ನಿಮ್ಮ ಹಬ್ಬದ ಹಂದಿ ಸಾರು, ಪಂದಿ ಕರಿ, ಹೇಗಿರುತ್ತದೆ ಎಂದು ನೋಡಿ ಹೇಳುವುದೋ ಬೇಡವೋ ತೀರ್ಮಾನಿಸುತ್ತೇನೆ.

ನಿನ್ನ,
ರಘು