ಮಕ್ಕಳ ಮನದ ಗಾಯ: ಸಿಬ್ಬಂದಿಗೆ ತರಬೇತಿ ಬೇಕು

ದೌರ್ಜನ್ಯ, ಮನೆಯೊಳಗಿನ ಹಿಂಸೆ ಅಥವಾ ಹೆತ್ತವರ ಅಕಾಲ ಮರಣ ಕಂಡ ಮಕ್ಕಳ ಮಾನಸಿಕ ಆಘಾತವನ್ನು ಗುರುತಿಸಿ ಚಿಕಿತ್ಸೆ ನೀಡುವ ತರಬೇತಿ ನಮ್ಮ ಮಾನಸಿಕ ಆರೋಗ್ಯ ಸಿಬ್ಬಂದಿಗೆ ತುರ್ತಾಗಿ ಸಿಗಬೇಕಿದೆ. ಇಂಥ ಮಕ್ಕಳು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಿದ್ದೆಯಲ್ಲಿ ಬೆಚ್ಚಿಬೀಳುತ್ತಾರೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ, ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾರೆ, ಸುಮ್ಮಸುಮ್ಮನೆ ಸಿಡುಕುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ನಾನೂ ಅಂಥವರನ್ನು ‘ಹಟಮಾರಿ’ ಎಂದು ಗದರಿದ್ದುಂಟು. ಅದು ಇಂದಿಗೂ ನನ್ನನ್ನು ಕಾಡುತ್ತದೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣಗಳಲ್ಲಂತೂ ತರಬೇತಿಯಿಲ್ಲದವರು ನಡೆದದ್ದನ್ನೇ ಮತ್ತೆ ಮತ್ತೆ ಕೆದಕಿ ಕೇಳಿದರೆ ಗಾಯ ಇನ್ನಷ್ಟು ಆಳವಾಗುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲೇ ಮಾದರಿಯಾದದ್ದು 1980ರ ದಶಕದ ಬಳ್ಳಾರಿಯ ಪ್ರಯೋಗ. ಸಂಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೋಗ್ಯಕ್ಕೆಂದೇ ರೂಪಿಸಿದ ‘ಸಂವಾದ್’ ಯೋಜನೆ ಕೂಡ ನಮ್ಮ ರಾಜ್ಯದ್ದೇ ಆದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲೇ ಇದೆ. ಅದರ ನೆರವು ಪಡೆದು ಆರೋಗ್ಯ ಇಲಾಖೆಯು ಪ್ರತಿ ತಾಲ್ಲೂಕಿನ ಆಪ್ತಸಮಾಲೋಚಕರು ಮತ್ತು ಶುಶ್ರೂಷಕರಿಗೆ ಕನ್ನಡದಲ್ಲೇ ಪ್ರಾಯೋಗಿಕ ತರಬೇತಿಯನ್ನು ಕಡ್ಡಾಯಗೊಳಿಸಲಿ. ಒಂದು ದಿನದ ಕಾರ್ಯಾಗಾರ ಸಾಲದು. ಕಠಿಣ ಪ್ರಕರಣ ಎದುರಾದಾಗ ಹಿರಿಯ ತಜ್ಞರ ಮಾರ್ಗದರ್ಶನ ವರ್ಷವಿಡೀ ದೊರೆಯುವಂತಿರಬೇಕು.

– ನಿವೃತ್ತ ಶಿಕ್ಷಕಿ, ಕೊಪ್ಪಳ