ಜನರೇಟರ್‌ಗೆ ತಪ್ಪು ಚಾರ್ಜರ್ ಅಳವಡಿಸಿ ಬ್ಯಾಟರಿ ಹಾಳಾದ ಬಗ್ಗೆ ದೂರು

ಇವರಿಂದ:
ಕಾರ್ಯದರ್ಶಿ, ಹಾಲು ಉತ್ಪಾದಕರ ಸಹಕಾರ ಸಂಘ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಸೇವಾ ವಿಭಾಗ,
ನಮಗೆ ಜನರೇಟರ್ ಮಾರಿದ ಕಂಪನಿ, ಕೋಲಾರ ಶಾಖೆ

ವಿಷಯ: ಹಾಲು ಶೀತಲೀಕರಣ (ಬಿಎಂಸಿ) ಕೇಂದ್ರದ ಡೀಸೆಲ್ ಜನರೇಟರ್‌ಗೆ ನಿಮ್ಮವರು ಅಳವಡಿಸಿದ ಬ್ಯಾಟರಿ ಚಾರ್ಜರ್ ಬದಲಿಸಿಕೊಡುವುದು ಮತ್ತು ನಷ್ಟ ಭರಿಸುವುದರ ಕುರಿತು.

ಮಾನ್ಯರೇ,

ನಮ್ಮ ಸಂಘದ ಹಾಲು ಶೀತಲೀಕರಣ ಕೇಂದ್ರಕ್ಕೆ ನೀವು ಕೊಟ್ಟ 30 ಕೆವಿಎ ಜನರೇಟರ್ ಕರೆಂಟ್ ಹೋದಾಗ ಮಾತ್ರ ಓಡುವಂಥದ್ದು. ಎಂಜಿನ್ ಓಡಿದಾಗ ಅದರ ಆಲ್ಟರ್ನೇಟರ್ ಬ್ಯಾಟರಿ ತುಂಬುತ್ತದೆ, ನಿಂತಾಗ ಇಲ್ಲ. ನಿಂತಿದ್ದರೂ ಆಟೊ ಸ್ಟಾರ್ಟ್ ಪ್ಯಾನೆಲ್ ಸದಾ ಒಂದಿಷ್ಟು ಕರೆಂಟ್ ಎಳೆಯುತ್ತಲೇ ಇರುತ್ತದೆ, ಬ್ಯಾಟರಿಯೂ ತಾನಾಗಿ ಇಳಿಯುತ್ತದೆ. ಈ ಕಾರಣಕ್ಕೆ ಮೇನ್ಸ್‌ನಿಂದ ನಡೆಯುವ ಚಾರ್ಜರ್ ಬೇಕೇ ಬೇಕು ಎಂದು ನೀವೇ ಹೇಳಿದಿರಿ. ಆ ಸಲಹೆ ಸರಿಯಾಗಿಯೇ ಇತ್ತು. ದುಡ್ಡು ಕಟ್ಟಿ ನಿಮ್ಮಿಂದಲೇ ತರಿಸಿದೆವು, ನಿಮ್ಮ ಟೆಕ್ನಿಷಿಯನ್ನೇ ಬಂದು ಅಳವಡಿಸಿದರು. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ.

ಅಳವಡಿಸಿದ್ದು ಎಂಥ ಚಾರ್ಜರ್ ಎಂಬುದೇ ಈ ದೂರಿನ ಮೂಲ. ಒಳಗೆ ಒಂದು ಟ್ರಾನ್ಸ್‌ಫಾರ್ಮರ್, ಡಯೋಡ್, ಮುಂದೆ ಒಂದು ಆಂಪಿಯರ್ ಮುಳ್ಳು, ಅಷ್ಟೆ. ಲಾರಿ ಬ್ಯಾಟರಿಯನ್ನು ಅಂಗಡಿಯಲ್ಲಿ ಕೆಲವು ಗಂಟೆ ಚಾರ್ಜ್‌ಗೆ ಇಟ್ಟು ಬಿಚ್ಚಿಕೊಡಲು ಬಳಸುವ ಬಗೆ ಅದು. ಬ್ಯಾಟರಿ ತುಂಬಿದ ಮೇಲೆ ತಾನೇ ತಗ್ಗುವ ವ್ಯವಸ್ಥೆ ಅದರಲ್ಲಿಲ್ಲ. ವರ್ಷವಿಡೀ ಹಗಲೂ ರಾತ್ರಿ ಬ್ಯಾಟರಿಗೆ ಅಂಟಿಕೊಂಡಿರಬೇಕಾದ ಜಾಗದಲ್ಲಿ ಅದನ್ನು ಹಾಕಬಾರದಿತ್ತು.

ಅಳವಡಿಸಿದ ದಿನ ನಿಮ್ಮವರು ಮಧ್ಯಾಹ್ನ ಮೀಟರ್ ಹಿಡಿದು 13.7 ವೋಲ್ಟ್ ತೋರಿಸಿ, ಎಲ್ಲ ಸರಿ ಇದೆ ಎಂದು ಸಹಿ ಹಾಕಿಸಿಕೊಂಡು ಹೋದರು. ನಮ್ಮ ಕಡೆಯ ಕರೆಂಟಿನ ಸ್ವಭಾವ ನಿಮ್ಮ ಶಾಖೆಗೆ ತಿಳಿಯದ್ದಲ್ಲ. ಹೊಳೆ ಕಾಲುವೆ ಇಲ್ಲದ ಸೀಮೆ ಇದು, ಎಲ್ಲರದೂ ಬೋರ್‌ವೆಲ್. ಆ ಹೊತ್ತಿನಲ್ಲಿ ಸುತ್ತಲಿನ ಮೋಟಾರುಗಳೆಲ್ಲ ಓಡುತ್ತಿದ್ದವು, ವೋಲ್ಟೇಜ್ ಕುಸಿದಿತ್ತು. ರಾತ್ರಿ ಮೋಟಾರು ನಿಂತ ಮೇಲೆ ಅದೇ ಲೈನು 240 ವೋಲ್ಟ್ ದಾಟುತ್ತದೆ. ನಿಯಂತ್ರಣವಿಲ್ಲದ ಟ್ರಾನ್ಸ್‌ಫಾರ್ಮರಿಗೆ ಒಳಗೆ ಬರುವುದು ಏರಿದಂತೆ ಹೊರಗೆ ಹೋಗುವುದೂ ಏರುತ್ತದೆ. ನಮ್ಮೂರಿನ ಎಲೆಕ್ಟ್ರಿಷಿಯನ್ ರಾತ್ರಿ ಹೊತ್ತು ಬ್ಯಾಟರಿಯ ಟರ್ಮಿನಲ್ ಮೇಲೆ ಅಳೆದಾಗ 15.2 ವೋಲ್ಟ್ ಇತ್ತು, ಜನರೇಟರ್ ನಿಂತೇ ಇತ್ತು. ಆ ಮೀಟರಿನ ಫೋಟೊ ಕೂಡ ಲಗತ್ತಿಸಿದೆ.

ನೀರು ಹಾಕುವ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಕಾಯ್ದುಕೊಳ್ಳಲು 13.5 ರಿಂದ 13.8 ವೋಲ್ಟ್ ಸಾಕು. ಸೆಕೆ ಹೆಚ್ಚಿದಷ್ಟೂ ಇನ್ನೂ ಕೊಂಚ ಇಳಿಸಬೇಕು; ಕೆನಾಪಿ (ಜನರೇಟರ್ ಮುಚ್ಚಿರುವ ತಗಡಿನ ಪೆಟ್ಟಿಗೆ) ಒಳಗೆ ಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ನಾನು ಹೇಳಬೇಕಿಲ್ಲ. 14.4 ದಾಟಿಸಿ ದಿನಗಟ್ಟಲೆ ಬಿಟ್ಟರೆ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿಹೋಗುತ್ತದೆ, ಪ್ಲೇಟು ಸವೆಯುತ್ತದೆ. ನಮ್ಮಲ್ಲಿ ಆದದ್ದು ಅದೇ. ಕೆನಾಪಿ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಮುಟ್ಟಿದರೆ ಬ್ಯಾಟರಿ ಬಿಸಿ, ಪಕ್ಕ ಉಬ್ಬಿತ್ತು. ಇದನ್ನು ನಿಮ್ಮ ಸರ್ವಿಸ್ ನಂಬರಿಗೆ ತಿಳಿಸಿದಾಗ ಬಂದ ಉತ್ತರ, ಡಿಸ್ಟಿಲ್ಡ್ ವಾಟರ್ ಹಾಕಿ ಎಂಬುದಷ್ಟೆ. ಹಾಕುತ್ತಲೇ ಬಂದೆವು. ಸೆಲ್ಫ್ ನಿಧಾನ ಎಳೆಯುತ್ತಿದೆ ಎಂದೂ ತಿಳಿಸಿದೆವು. ಯಾರೂ ಬಂದು ನೋಡಲಿಲ್ಲ.

ಕಳೆದ ತಿಂಗಳು ಸಂಜೆ ಹಾಲು ಹಾಕಿಸಿಕೊಂಡು ಮುಗಿಯುವ ಹೊತ್ತಿಗೆ ಗಾಳಿಮಳೆ ಬಂದು ಕರೆಂಟ್ ಹೋಯಿತು. ಪ್ಯಾನೆಲ್ ಮೂರು ಸಲ ಸೆಲ್ಫ್ ಹೊಡೆದು ಲಾಕ್ ಆಯಿತು. ಕಟ್ ಕಟ್ ಎಂಬ ಸದ್ದು ಬಿಟ್ಟರೆ ಎಂಜಿನ್ ಅಲ್ಲಾಡಲೂ ಇಲ್ಲ. ಬೆಳಗಿನ ತಣ್ಣನೆಯ ಹಾಲಿನ ಮೇಲೆ ಸಂಜೆಯ ಬಿಸಿ ಹಾಲು ಆಗಷ್ಟೇ ಬಿದ್ದಿತ್ತು. 4 ಡಿಗ್ರಿಗೆ ಇಳಿಯಬೇಕಾದ ಟ್ಯಾಂಕು ಇಳಿಯಲೇ ಇಲ್ಲ. ಕೊನೆಗೆ ಒಬ್ಬ ಸದಸ್ಯರು ಮಳೆಯಲ್ಲೇ ಟ್ರ್ಯಾಕ್ಟರ್ ಬ್ಯಾಟರಿ ತಂದುಕೊಟ್ಟ ಮೇಲೆ ಎಂಜಿನ್ ಎದ್ದಿತು, ಅಷ್ಟರಲ್ಲಿ ತಡವಾಗಿತ್ತು. ಬೆಳಿಗ್ಗೆ ಕುದಿಸಿ ನೋಡಿದಾಗ ಹಾಲು ಒಡೆಯಿತು. ಒಕ್ಕೂಟದ ಟ್ಯಾಂಕರ್ ಅದನ್ನು ಒಯ್ಯಲಿಲ್ಲ, ಒಯ್ಯಬಾರದು ಕೂಡ. ಎರಡು ಹೊತ್ತಿನ ಹಾಲು ಮೋರಿಗೆ ಹೋಯಿತು. ನಮ್ಮಲ್ಲಿ ಒಂದೋ ಎರಡೋ ಹಸು ಕಟ್ಟಿಕೊಂಡು, ಮೇವು ಕೊಂಡು ತಂದು ಹಾಕಿ, ಹಾಲಿನ ಬಟವಾಡೆಯಲ್ಲೇ ಮನೆ ನಡೆಸುವ ಹೆಣ್ಣುಮಕ್ಕಳೇ ಹೆಚ್ಚು. ಅವರಿಗೆ ನಾನು ಏನೆಂದು ಉತ್ತರ ಕೊಡಲಿ?

ಆಮೇಲೆ ಬಂದ ನಿಮ್ಮ ಪ್ರತಿನಿಧಿ ಬ್ಯಾಟರಿಯ ಮುಚ್ಚಳ ತೆಗೆದು, ನೀರು ಪ್ಲೇಟಿನ ಕೆಳಗೆ ಹೋಗಿದೆ, ನಿರ್ವಹಣೆ ಸರಿಯಿಲ್ಲ, ಹಾಗಾಗಿ ವಾರಂಟಿ ಇಲ್ಲ, ಹೊಸ ಬ್ಯಾಟರಿ ಕೊಳ್ಳಿ ಎಂದು ಬರೆದುಕೊಟ್ಟು ಹೋದರು. ಇದನ್ನು ನಾವು ಒಪ್ಪುವುದಿಲ್ಲ. ನೀರು ತುಂಬಿದ ದಿನಾಂಕಗಳೆಲ್ಲ ನಮ್ಮ ಲಾಗ್ ಪುಸ್ತಕದಲ್ಲಿವೆ. ಇಷ್ಟು ಬೇಗ ಬೇಗ ನೀರು ಆರುವುದೇ ಅತಿಯಾಗಿ ಚಾರ್ಜ್ ಆಗುತ್ತಿರುವ ಗುರುತು ಎಂದು ನಿಮ್ಮ ಪ್ರತಿನಿಧಿಗೆ ಹೊಳೆಯಬೇಕಿತ್ತು. ಅದೇ ಚಾರ್ಜರ್‌ಗೆ ಹೊಸ ಬ್ಯಾಟರಿ ಕಟ್ಟಿದರೆ ಅದಕ್ಕೂ ಇದೇ ಗತಿ.

ಇನ್ನೊಂದು ಮಾತು, ಇದು ದುಡ್ಡಿಗಿಂತ ದೊಡ್ಡದು. ಚಾರ್ಜರಿನ ತಂತಿಗಳನ್ನು ಬ್ಯಾಟರಿಗೆ ಮೊಸಳೆ ಕ್ಲಿಪ್ಪಿನಿಂದ ಕಚ್ಚಿಸಿ ಬಿಟ್ಟಿದ್ದಾರೆ, ನಡುವೆ ಫ್ಯೂಸ್ ಇಲ್ಲ. ಎಂಜಿನ್ ಅದುರಿಗೆ ಕ್ಲಿಪ್ ಸಡಿಲಾಗಿ ಕಿಡಿ ಹಾರುತ್ತದೆ. ಗಾಳಿಯಲ್ಲಿ ಶೇ. 4ರಷ್ಟು ಹೈಡ್ರೋಜನ್ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಕೆನಾಪಿಯಲ್ಲಿ ಬ್ಯಾಟರಿ ಕುದಿಯುತ್ತಿರುವಾಗ ನಮ್ಮ ಹುಡುಗರು ಬಾಗಿಲು ತೆಗೆದು ಅದರ ಮೇಲೆ ಬಗ್ಗಿ ನೀರು ತುಂಬಿದ್ದಾರೆ. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಸದ್ಯಕ್ಕೆ ಚಾರ್ಜರನ್ನು ಬಿಚ್ಚಿಸಿ ಇಟ್ಟಿದ್ದೇನೆ.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ, ತಾನೇ ಬೂಸ್ಟ್‌ನಿಂದ (ಬೇಗ ತುಂಬಿಸುವ ಹೆಚ್ಚಿನ ವೋಲ್ಟೇಜ್) ಫ್ಲೋಟ್‌ಗೆ (ತುಂಬಿದ್ದನ್ನು ಕಾಯ್ದುಕೊಳ್ಳುವ ಕಡಿಮೆ ವೋಲ್ಟೇಜ್) ಇಳಿಯುವ, ಮೇನ್ಸ್ ವೋಲ್ಟೇಜ್ ಏರಿಳಿದರೂ ಹೊರಗಿನ ವೋಲ್ಟೇಜ್ ಕದಲದ ಚಾರ್ಜರನ್ನು ನಿಮ್ಮ ಖರ್ಚಿನಲ್ಲಿ ಅಳವಡಿಸಬೇಕು. ತಂತಿಯ ತುದಿಗೆ ಲಗ್ (ಲೋಹದ ಬಳೆ) ಒತ್ತಿ ಬೋಲ್ಟ್ ಹಾಕಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇಡಬೇಕು. ಚಾರ್ಜರ್ ಕೆಟ್ಟರೆ ಪ್ಯಾನೆಲ್‌ನಲ್ಲಿ ಅಲಾರಂ ಬರುವ ಹಾಗೆ ತಂತಿ ಎಳೆಯಬೇಕು, ನಿಂತ ಜನರೇಟರಿನ ಬ್ಯಾಟರಿ ಸತ್ತದ್ದು ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಹಾಳಾದ ಬ್ಯಾಟರಿಗೆ ಬದಲು ಹೊಸದು ಕೊಡಬೇಕು, ಚೆಲ್ಲಿದ ಹಾಲಿನ ಬಾಬ್ತು ಲಗತ್ತಿಸಿದ ಲೆಕ್ಕದಂತೆ ಸಂಘದ ಖಾತೆಗೆ ಕಟ್ಟಬೇಕು. ಇಲ್ಲವಾದರೆ ಆಡಳಿತ ಮಂಡಳಿಯ ನಿರ್ಣಯದಂತೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.

ಹೊಸ ಚಾರ್ಜರ್ ಹಾಕಿದ ದಿನ ನಿಮ್ಮ ಟೆಕ್ನಿಷಿಯನ್ ಮಧ್ಯಾಹ್ನವೇ ಹೊರಟುಬಿಡಬಾರದು. ರಾತ್ರಿ ಮೋಟಾರುಗಳು ನಿಂತ ಮೇಲೆ ನಮ್ಮ ಎದುರಿಗೇ ಅಳೆದು, ಆ ಅಂಕಿ ಬರೆದು ಸಹಿ ಹಾಕಿಕೊಡಬೇಕು. ಊಟಕ್ಕೆ, ಉಳಿಯಲು ಸಂಘ ವ್ಯವಸ್ಥೆ ಮಾಡುತ್ತದೆ.

ಇಂತಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)

ಲಗತ್ತು: ಬಿಲ್ಲಿನ ಪ್ರತಿ, ಮೀಟರ್ ಮತ್ತು ಬ್ಯಾಟರಿಯ ಫೋಟೊ, ಲಾಗ್ ಪುಸ್ತಕದ ಪುಟಗಳು, ಹಾಲಿನ ನಷ್ಟದ ಲೆಕ್ಕ